ಅತ್ತೆಯ ಮನೆಯೋ, ಹಾಸ್ಟೆಲೋ

೧೯೪೪ರ ಜೂನ್‌ನಲ್ಲಿ ಜಹೀದಾಗೆ ಮೈಸೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅವಳ ಅಪ್ಪ ಲಾಲ್‌ಸಾಬ್ ಚನ್ನಗಿರಿ ಪೇಟೆಯಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಮಗಳು ಇರುವುದೆಲ್ಲಿ ಎಂಬುದೊಂದು ತೀರ್ಮಾನವಾಗಬೇಕಿತ್ತು.

"ಮೈಸೂರಾಗೆ ನಮ್ಮಕ್ಕ ಇರುವಾಗ ಹಾಸ್ಟೆಲ್ ಯಾಕೆ?" ಎಂದರು ಲಾಲ್‌ಸಾಬ್.

"ಹಾಸ್ಟೆಲ್‌ನಾಗೆ ಓದಾಕೆ ಒಂದು ಮೇಜು ಕೊಡ್ತಾರಂತಪ್ಪಾ," ಎಂದಳು ಜಹೀದಾ ಮೆಲ್ಲಗೆ.

"ನಿಮ್ಮಜ್ಜಿ ಎರಡೂ ನೋಡ್ಲಿ. ಆಕೆ ಹೇಳಿದಂಗೆ ಆಗ್ಲಿ."

ಹೀಗೆ ಅಜ್ಜಿ ಸೈದಾಬೀ ಮೊಮ್ಮಗಳೊಂದಿಗೆ ರೈಲು ಹತ್ತಿದರು. ಮೊದಲು ಇಳಿದದ್ದು ಲಾಲ್‌ಸಾಬರ ಅಕ್ಕ, ತಮ್ಮ ಮಗಳು ಮೆಹರಾಜ್ ಬೇಗಂ ಮನೆಯಲ್ಲಿ. ಅಲ್ಲಿ ಮೆಹರಾಜ್‌ರ ಇಬ್ಬರು ಸೊಸೆಯರು, ನಾಲ್ವರು ಮೊಮ್ಮಕ್ಕಳು. ಸಂಜೆ ಜಹೀದಾ ಪುಸ್ತಕ ತೆರೆದರೆ ಒಂದು ಮಗು ತೊಡೆಯೇರಿತು. ಇನ್ನೊಂದು ನೀರು ಕೇಳಿತು. ತೊಟ್ಟಿಲಿನದು ಅತ್ತಿತು. ದೀಪ ಹಚ್ಚುವ ಹೊತ್ತಿಗೂ ಅದೇ ಪುಟ. ಆದರೆ ಮಕ್ಕಳ ಜೊತೆ ಅವಳೂ ನಗುತ್ತಿದ್ದಳು.

"ಇಲ್ಲೇ ಇರ್ಲಿ ಬಿಡು. ಎಷ್ಟು ಚೆಂದ ಹೊಂದ್ಕೊಂಡಾಳೆ," ಎಂದರು ಸೈದಾಬೀ.

ಮೆಹರಾಜ್ ಬೇಗಂ ಅಡ್ಡಡ್ಡ ತಲೆಯಾಡಿಸಿದರು. "ಬ್ಯಾಡವ್ವಾ. ಬಂದ ದಿನವೇ ಅವಳ ಕೈಗೆ ಕೂಸು ಕೊಟ್ಟೆ. ನಾಳೆ ಒಲೆ ಕೊಡ್ತೀನಿ. ನಾನು ಕೆಟ್ಟಾಕಿ ಅಲ್ಲ, ಆದ್ರೂ ಕೊಡ್ತೀನಿ." ಮತ್ತೆ ಹೇಳಿದರು: "ನಾನು ಶಾಲೆ ಬಿಟ್ಟಿದ್ದು ಇವಳ ಅಪ್ಪನ್ನ ಎತ್ಕೊಳ್ಳಾಕೆ. ನೆನಪೈತಾ?"

ಸೈದಾಬೀಗೆ ನೆನಪಿತ್ತು. ಮಗಳ ಕೈ ಹಿಡಿದುಕೊಂಡರು.

ಮರುದಿನ ಮೂವರೂ ಹಾಸ್ಟೆಲಿಗೆ ಹೋದರು. ಮೇಲ್ವಿಚಾರಕಿ ಸಾವಂತ್ರಮ್ಮ ಕೋಣೆ ತೋರಿಸಿದರು. ಸೈದಾಬೀ ನೇರವಾಗಿ ಹಾಸಿಗೆಯನ್ನು ಒತ್ತಿ ನೋಡಿ, "ಹತ್ತಿ ಗಂಟು ಕಟ್ಟೈತ್ರೀ. ಹುಡುಗೇರು ಹೆಂಗೆ ಮಲಗ್ತಾರೆ?" ಎಂದರು.

"ಹಿಂಜೋರು ಸಿಗಬೇಕಲ್ಲ ಅಜ್ಜೀ," ಎಂದು ಸಾವಂತ್ರಮ್ಮ ನಕ್ಕರು.

ಸೈದಾಬೀ ಅಲ್ಲೇ ನೆಲಕ್ಕೆ ಕುಳಿತು ಹಾಸಿಗೆಯ ಹೊಲಿಗೆ ಬಿಚ್ಚಿದರು. ಹತ್ತಿಯನ್ನು ಬೆರಳಲ್ಲೇ ಬಿಡಿಸತೊಡಗಿದಾಗ ಹುಡುಗಿಯರು ಸುತ್ತ ಸೇರಿದರು. ತಾವೂ ಕೈ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಜಡೆಯಲ್ಲೂ ಹತ್ತಿ, ಕೋಣೆ ತುಂಬ ನಗು. ಆ ಗದ್ದಲದಲ್ಲೂ ಜಹೀದಾ ಕಿಟಕಿಯ ಬಳಿಯ ಮೇಜಿನ ಮೇಲೆ ತನ್ನ ಪುಸ್ತಕಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದಳು.

ಸೈದಾಬೀ ಅದನ್ನು ನೋಡಿದರು. "ಇಲ್ಲೇ ಇರು ತಾಯಿ," ಎಂದರು.

ಮೆಹರಾಜ್ ಬೇಗಂ ಮೇಜಿನ ಮುಂದಿನ ಕುರ್ಚಿಯಲ್ಲಿ ಒಮ್ಮೆ ಕುಳಿತು ಎದ್ದರು. "ಭಾನುವಾರ ಊಟಕ್ಕೆ ಬಾರೇ. ಬರುವಾಗ ಒಂದು ಕತೆ ಪುಸ್ತಕ ತಾ. ಅಕ್ಷರ ಮರೆತೋಗ್ಯಾವೆ, ನೀನು ಹೇಳಿಕೊಟ್ರೆ ಓದ್ತೀನಿ."

ಜಹೀದಾ ಒಂದು ಭಾನುವಾರವೂ ತಪ್ಪಿಸಲಿಲ್ಲ. ದಸರೆಯ ಹೊತ್ತಿಗೆ ಚನ್ನಗಿರಿಗೆ ಒಂದು ಕಾರ್ಡು ಬಂತು. ಅಕ್ಷರಗಳು ಸೊಟ್ಟಪಟ್ಟ. 'ತಮ್ಮಾ, ನಿನ್ನ ಮಗಳು ಚೆನ್ನಾಗಿ ಓದುತ್ತಾಳೆ. ಇದು ನಾನೇ ಬರೆದದ್ದು.'

ಲಾಲ್‌ಸಾಬ್ ಅದನ್ನು ಅಂಗಡಿಗೆ ಬಂದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು.