ನಾಲ್ಕು ಬಿಳಿ ಮಚ್ಚೆಗಳು

ಹಲ್ಲು ನೇರ ಮಾಡಲು ಹಾಕಿದ್ದ ತಂತಿ ಬಿಚ್ಚಿದ ದಿನ ಮಗಳ ಮುಂದಿನ ನಾಲ್ಕು ಹಲ್ಲುಗಳ ಮೇಲೂ ಸುಣ್ಣ ಹಚ್ಚಿದಂಥ ಬಿಳಿ ಮಚ್ಚೆ ಕಂಡಿತು. ತಂತಿಯ ಸುತ್ತ ಸರಿಯಾಗಿ ಉಜ್ಜದಿದ್ದರೆ ಹೀಗಾಗುತ್ತದೆ. ತಂತಿ ಹಾಕಿದವಳು ನಾನೇ, ಅವಳ ಅಮ್ಮ, ಹದಿನೆಂಟು ವರ್ಷದಿಂದ ಊರವರ ಹಲ್ಲು ನೋಡುತ್ತಿರುವ ಡಾಕ್ಟರು. ಬೇರೆ ಮಕ್ಕಳ ಬಾಯಿಗೆ ಬಣ್ಣದ ನೀರು ಹಾಕಿ, ಸರಿಯಾಗಿ ಉಜ್ಜಿದ್ದಾರೋ ಇಲ್ಲವೋ ಎಂದು ಪರೀಕ್ಷಿಸುವವಳು, ಮನೆಯಲ್ಲಿ ಬ್ರಷ್ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿ ಸುಮ್ಮನಾಗುತ್ತಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!

ಅಂದಿನಿಂದ ಅವಳು ನಗುವುದೆಲ್ಲ ಬಾಯಿಗೆ ಕೈ ಅಡ್ಡ ಹಿಡಿದೇ. ಆ ಕೈಯನ್ನು ಕೆಳಗಿಳಿಸಿಯೇ ತೀರುತ್ತೇನೆ ಎಂದುಕೊಂಡು, ಕ್ಲಿನಿಕ್ಕಿಗೆ ರಜೆಯಿದ್ದ ಭಾನುವಾರ ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ.

"ಕೊರೀತೀಯಾ?"

"ಇಲ್ಲ ಕಣೇ. ಮೊದಲು ಬೆಳಕು ಬಿಟ್ಟು ನೋಡ್ತೀನಿ."

ಕೋಣೆಯ ದೀಪ ಆರಿಸಿ, ಪೆನ್ನಿನಂಥ ಸಣ್ಣ ಲೈಟನ್ನು ಹಲ್ಲಿನ ಹಿಂದೆ ಹಿಡಿದೆ. ಮಚ್ಚೆ ಮೇಲುಮೇಲಿನದಾದರೆ ಬೆಳಕು ಅದನ್ನೂ ದಾಟಿ ಬರುತ್ತದೆ. ಆಳದ್ದಾದರೆ ಅಲ್ಲಿ ಕಪ್ಪಗೆ ಕಾಣುತ್ತದೆ. ಮೂರು ಹಲ್ಲು ಬೆಳಗಿದವು. ನಾಲ್ಕನೆಯದರಲ್ಲಿ ಕಪ್ಪು. ಲೈಟನ್ನು ಅಲ್ಲೇ ಹಿಡಿದು ಮತ್ತೊಮ್ಮೆ ನೋಡಿದೆ.

"ಏನಮ್ಮ?"

"ಮೂರು ಹೋಗುತ್ತೆ. ಒಂದು ಮಾತ್ರ ಪೂರ್ತಿ ಹೋಗಲ್ಲ."

"ಅದನ್ನ ಕೊರೆದು ಮುಚ್ಚಿಬಿಡು."

"ನನ್ನ ತಪ್ಪು ಮುಚ್ಚಿಕೊಳ್ಳೋಕೆ ನಿನ್ನ ಗಟ್ಟಿ ಹಲ್ಲನ್ನ ಕೊರೀಲಾ? ಆಗಲ್ಲ."

ದುರುಗುಟ್ಟಿ ನೋಡಿದಳು. ಆಮೇಲೆ ಬಾಯಿ ತೆರೆದಳು.

ದೀಪ ಹಾಕಿ, ಮಚ್ಚೆಗಳ ಮೇಲ್ಪದರ ತೆರೆಯುವ ಆಸಿಡ್ ಜೆಲ್ ಹಚ್ಚಿ, ತೊಳೆದು, ಒಣಗಿಸಿದೆ. ತಲೆಯ ಮೇಲಿನ ದೀಪವನ್ನು ಗೋಡೆಯತ್ತ ತಿರುಗಿಸಿದೆ. ಮಚ್ಚೆಯ ಸಣ್ಣ ರಂಧ್ರಗಳನ್ನು ತುಂಬುವ ನೀರಿನಂಥ ಅಂಟು, ರೆಸಿನ್, ಆ ದೀಪದ ಬೆಳಕಿಗೇ ಗಟ್ಟಿಯಾದರೆ ಹಲ್ಲಿನೊಳಕ್ಕೆ ಇಳಿಯುವುದಿಲ್ಲ. ಅದನ್ನು ಹಚ್ಚಿ, ಮೂರು ನಿಮಿಷ ಇಳಿಯಲು ಬಿಟ್ಟು, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದೆ. ಇನ್ನೊಂದು ಸಲ ಹಚ್ಚಿ, ಮತ್ತೆ ಬೆಳಕು ಹಿಡಿದೆ.

ಕನ್ನಡಿ ಕೊಟ್ಟೆ. ಮೂರು ಮಚ್ಚೆ ಮಾಯವಾಗಿದ್ದವು. ನಾಲ್ಕನೆಯದು ಮಸುಕಾಗಿ ಉಳಿದಿತ್ತು. ಅವಳು ಅದನ್ನೇ ಬಹಳ ಹೊತ್ತು ನೋಡಿದಳು.

"ಅಮ್ಮ, ತಪ್ಪು ನಿಂದಲ್ಲ. ನಾನು ಉಜ್ಜುತ್ತಲೇ ಇರಲಿಲ್ಲ. ಬ್ರಷ್ಷನ್ನ ನಲ್ಲಿ ಕೆಳಗೆ ಹಿಡಿದು ಒದ್ದೆ ಮಾಡಿ ಇಟ್ಬಿಡ್ತಿದ್ದೆ."

ನನಗೆ ಕೋಪ ಬರಬೇಕಿತ್ತು. ಬಂದದ್ದು ನಾಚಿಕೆ.

"ನಿನ್ನಜ್ಜಿಗೆ ನಾನೂ ಹಾಗೇ ಟೋಪಿ ಹಾಕ್ತಿದ್ದೆ ಕಣೇ. ಅದಕ್ಕೇ, ಇವತ್ತಿಂದ ಮನೇಲೂ ಬಣ್ಣದ ನೀರು."

ಅವಳು ಗೊಳ್ಳೆಂದು ನಕ್ಕಳು. ನಾನು ಹಲ್ಲು ನೋಡಲಿಲ್ಲ, ಕೈ ನೋಡಿದೆ. ಅದು ಕನ್ನಡಿ ಹಿಡಿದುಕೊಂಡು ಮಡಿಲಲ್ಲೇ ಇತ್ತು.