ಅರವತ್ತಲ್ಲ, ಮೂವತ್ತಾರು

ಮೂರನೇ ಸಲ ಹೇಳಿದ್ದಾಯಿತು. ಭಾವನ ತಲೆಗೆ ಹೋದರೆ ತಾನೆ! ಅಕ್ಕನ ಗಂಡ, ಮೇಲಾಗಿ ಬಿಸ್ಕತ್ತು ಕಾರ್ಖಾನೆಯ ಯಜಮಾನ. ಲೆಕ್ಕದವಳು ಹಲ್ಲು ಕಚ್ಚಿಕೊಂಡು ನಾಲ್ಕನೇ ಸಲಕ್ಕೆ ಸಿದ್ಧಳಾದಳು.

ಮೇಜಿನ ಮೇಲೆ, ಬಿಸ್ಕತ್ತು ಬೇಯಿಸುವ, ಎಲ್ಲರೂ ಭಟ್ಟಿ ಮಾವ ಎಂದೇ ಕರೆಯುವ ಕೆಲಸಗಾರನನ್ನು ಕೆಲಸದಿಂದ ತೆಗೆಯುವ ಪತ್ರ ಸಹಿಗೆ ಕಾದಿತ್ತು. ಇಪ್ಪತ್ತೆರಡು ವರ್ಷ ಆ ಭಟ್ಟಿಯ ಮುಂದೆ ಬೆವರಿದ ಜೀವ. ಯಾರು ಭಟ್ಟಿ ಮನೆಯ ಒಳಗೆ ಹೋದರೂ ಹೊರಗೆ ಬಂದರೂ ಬಾಗಿಲ ಬಳಿಯ ಪುಸ್ತಕದಲ್ಲಿ ಗೀಟು ಹಾಕುವುದು ಅಲ್ಲಿನ ಪದ್ಧತಿ. ಆ ಗೀಟುಗಳಿಂದಲೇ ಇವಳು ನಲವತ್ತು ದಿನದ ಲೆಕ್ಕ ತೆಗೆದಿದ್ದಳು: ಮಾವ ಭಟ್ಟಿ ಬಿಟ್ಟು ಎಷ್ಟು ಸಲ ಎದ್ದು ಹೋದರು, ಆ ದಿನ ಎಷ್ಟು ಬಿಸ್ಕತ್ತು ಒಡೆದವು. ಎರಡರ ಸಹಸಂಬಂಧ, ಅಂದರೆ ಅವು ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ, 0.6. ಭಾವ ಆ ಹಾಳೆಯನ್ನೇ ಪತ್ರಕ್ಕೆ ಪಿನ್ನು ಮಾಡಿದ್ದ. ಯಾಕಾದರೂ ಕೊಟ್ಟೆನೋ ಎಂದು ಅವಳು ತನ್ನನ್ನೇ ಬೈದುಕೊಂಡಳು.

“ನೀನೇ ಬರೆದಿದ್ದೀಯಲ್ಲಮ್ಮಾ, ನೂರಕ್ಕೆ ಅರವತ್ತು ಅವನದ್ದೇ ತಪ್ಪು ಅಂತ.”

“ಅಯ್ಯೋ ಭಾವ, ಅದು ಅರವತ್ತಲ್ಲ! ಅದನ್ನ ಅದರಿಂದಲೇ ಗುಣಿಸಬೇಕು. 0.36. ಒಡೆಯೋದು ಒಂದಿನ ಜಾಸ್ತಿ, ಒಂದಿನ ಕಮ್ಮಿ ಆಗತ್ತಲ್ಲ, ಆ ಏರಿಳಿತದಲ್ಲಿ ನೂರಕ್ಕೆ ಮೂವತ್ತಾರು ಪಾಲು ಮಾತ್ರ ಮಾವ ಏಳೋದರ ಜೊತೆ ಹೊಂದತ್ತೆ. ತಪ್ಪು ಯಾರದ್ದು ಅಂತ ಅದು ಹೇಳೋದೇ ಇಲ್ಲ.”

“ಸರಿ, ಮೂವತ್ತಾರಕ್ಕೇ ಅವನು ಕೆಲಸ ಬಿಟ್ಟು ಹೋಗಲಿ ಬಿಡು.” ಯಜಮಾನ ಪೆನ್ನಿನ ಮುಚ್ಚಳ ತೆಗೆದ.

ಕರ್ಮ! ಗೋಡೆಗೆ ಹೇಳಿದ್ದರೂ ಇಷ್ಟು ಹೊತ್ತಿಗೆ ತಿಳಿದಿರುತ್ತಿತ್ತು. ಅವಳು ಇನ್ನೊಂದು ಹಾಳೆಯನ್ನು ಅವನ ಮುಂದೆ ಕುಕ್ಕಿದಳು.

“ಇದು ನಿಮ್ಮ ಲೆಕ್ಕ. ಅದೇ ನಲವತ್ತು ದಿನ, ಭಟ್ಟಿ ಮನೆಗೆ ಬಂದು ಎಷ್ಟು ಸಲ ಕೂಗಾಡಿದ್ರಿ ಅಂತ. ಒಡೆಯೋದರ ಜೊತೆ ಅದರ ಸಹಸಂಬಂಧ 0.9. ಗುಣಿಸಿದ್ರೆ ನೂರಕ್ಕೆ ಎಂಬತ್ತೊಂದು!”

ಭಾವನ ಮುಖ ಕೆಂಪಾಯಿತು. “ತಲೆ ಕೆಟ್ಟಿದೆಯಾ ನಿಂಗೆ? ನಾನು ಬಂದೆ ಅಂತ ಒಡೀತಾವಾ ಅವು? ಒಡೀತಿವೆ ಅಂತಾನೇ ನಾನು ಬರೋದು!”

“ಮಾವ ಏಳೋದೂ ಅದಕ್ಕೇ!” ಅವಳು ಪತ್ರವನ್ನು ತನ್ನತ್ತ ಎಳೆದುಕೊಂಡಳು. “ಹಿಟ್ಟು ಪುಡಿಪುಡಿಯಾಗಿ ಬಂದ ದಿನ ಬಿಸ್ಕತ್ತು ಒಡೀತಾವೆ; ಅವತ್ತೇ ಮಾವ, ನೀರು ಸರಿಯಾಗಿ ಹಾಕ್ರಪ್ಪಾ ಅಂತ ಹಿಟ್ಟು ಕಲಸೋರ ಹತ್ರ ಹೋಗಿ ಗೋಗರೀತಾರೆ. ಯಾಕೆ ಎದ್ದು ಹೋಗ್ತೀರಿ ಅಂತ ಒಂದ್ಸಲ ಮಾವನ್ನ ಕೇಳಿದ್ರಾ? ನಾನೂ ಕೇಳಿರಲಿಲ್ಲ. ಇವತ್ತು ಬೆಳಿಗ್ಗೆ ಕೇಳಿದೆ.”

ಯಜಮಾನ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ. ಆಮೇಲೆ ತನ್ನದನ್ನು ಮೆಲ್ಲಗೆ ಅವಳತ್ತ ತಳ್ಳಿದ.

“ಇದನ್ನ ಹರಿದು ಹಾಕು. ಯಾರಾದ್ರೂ ನೋಡಿದ್ರೆ ನಂದೇ ತಪ್ಪು ಅಂದ್ಕೋತಾರೆ.”

“ಹರೀತೀನಿ ಭಾವ,” ಎಂದಳು ಅವಳು, ಪತ್ರವನ್ನು ಅವನ ಕೈಗೆ ಕೊಡುತ್ತಾ. “ಮೊದಲು ನೀವು ಇದನ್ನ ಹರೀರಿ.”