ಲೆಟ್ಯೂಸ್ ತೊಟ್ಟಿಗೆ ಮೂರು ಕೈ

ಮಡಕಶಿರ ಸೀಮೆಯ ಗುಡಿಬಂಡೆಯ ಚೌಡಕ್ಕನ ಮನೆಯವರಿಗೆ ಒಂದು ರೋಗ. ತೊಟ್ಟಿ ಕಂಡರೆ ಸಾಕು, ಅದಕ್ಕೆ ಏನಾದರೂ ಸುರಿಯಲೇಬೇಕು. ಹಸುವಿನ ಕಲಗಚ್ಚಿನ ಬಾನಿ ಕಲಿಸಿದ ಅಭ್ಯಾಸ ಅದು. ಅಕ್ಕಿ ತೊಳೆದ ನೀರು ಒಬ್ಬರದು, ಬೂಸಾ ಒಬ್ಬರದು, ತರಕಾರಿ ಸಿಪ್ಪೆ ಇನ್ನೊಬ್ಬರದು. ಹಸು ಯಾವತ್ತೂ ದೂರು ಹೇಳಲಿಲ್ಲ. ಆದರೆ ಹಿತ್ತಲಲ್ಲಿ ಹಸಿರು ಪರದೆ ಕಟ್ಟಿ, ಬಿಳಿ ಪೈಪುಗಳಲ್ಲಿ ಮಣ್ಣಿಲ್ಲದೆ ಬೆಳೆಸುತ್ತಿದ್ದ ಲೆಟ್ಯೂಸ್ ಸೊಪ್ಪು ಹಸುವಲ್ಲವಲ್ಲ.

ಆ ಪೈಪುಗಳ ಕೆಳಗೊಂದು ತೊಟ್ಟಿ. ಅದರಲ್ಲಿ ಗಿಡಕ್ಕೆ ಬೇಕಾದ ಉಪ್ಪುಗಳನ್ನು ಕರಗಿಸಿದ ನೀರು. ಆ ಉಪ್ಪುಗಳಿಗೆ ಮನೆಯವರ ಬಾಯಲ್ಲಿ ‘ಮಂದು’ ಎಂದು ಹೆಸರು. ಮೋಟಾರು ಆ ನೀರನ್ನು ಮೇಲೆ ಕಳಿಸುತ್ತದೆ, ಬೇರು ಕುಡಿಯುತ್ತದೆ, ಉಳಿದದ್ದು ಮತ್ತೆ ತೊಟ್ಟಿಗೆ ಇಳಿಯುತ್ತದೆ.

ಬುಧವಾರ ಬೆಳಿಗ್ಗೆ ಪರದೆ ಸರಿಸಿ ಒಳಗೆ ಹೋದ ಚೌಡಕ್ಕ ನಿಂತಲ್ಲೇ ನಿಂತಳು. ಇನ್ನೂರು ಗಿಡಗಳ ಎಲೆಯಂಚೂ ಕಂದು. ಯಾರೋ ಒಂದೊಂದು ಎಲೆಯನ್ನೂ ದೀಪಕ್ಕೆ ಹಿಡಿದು ಸುಟ್ಟ ಹಾಗಿತ್ತು.

“ತೊಟ್ಟಿ ಯಾರು ಮುಟ್ಟಿದ್ದು?” ಅಂದಳು. ಆಚೆ ಊರು ಅಮರಾಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದವರಿಗೂ ಆ ಧ್ವನಿ ಕೇಳಿಸಿರಬೇಕು.

ಗಂಡ ಮುದ್ದಪ್ಪ ಬೇವಿನ ಕಡ್ಡಿ ಅಗಿಯುತ್ತ ಮೋಡ ನೋಡಿದ. ಆಕಾಶದಲ್ಲಿ ಮೋಡವೇ ಇರಲಿಲ್ಲ. ಅತ್ತೆ ನರಸಕ್ಕ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದಳು.

“ಮಣ್ಣಿಲ್ದಿದ್ ಸೊಪ್ಪು ಬಾಳ್ತದಾ? ನಾನಾಗ್ಲೇ ಯೋಳಿದ್ದೆ,” ಅಂದಳು ನರಸಕ್ಕ.

“ನೀನು ಎಲ್ಲಾದ್ಕೂ ಆಗ್ಲೇ ಯೋಳಿರ್ತೀಯ ಬಿಡತ್ತೆ.”

“ಓಟ್ಲು ವ್ಯಾನು, ಸೊಪ್ಪು ಇನ್ನೂ ಸಣ್ದು ಅಂತ, ಎಲ್ಡ್ ಸಲ ಬಂದು ವಾಪಸ್ ಓಯ್ತು,” ಅಂದ ಮುದ್ದಪ್ಪ. “ಈ ಶನಿವಾರಾನೂ ಸೊಪ್ಪು ಸಿಗ್ದಿದ್ರೆ ಇನ್ ಬರಕಿಲ್ಲ ಅಂದವ್ನೆ. ಅಂಗಾದ್ರೆ ಭಾನುವಾರ ಪರದೆ ಒಳಗೆ ಕುರಿ ಕೂಡ್ತೀನಿ ಕಣಮ್ಮಿ. ಸುಮ್ನೆ ನೆಳ್ಳಾದ್ರೂ ಆಗ್ತದೆ.”

ಪೊದುಪು ಸಂಘದ, ಅಂದರೆ ಹೆಂಗಸರ ಉಳಿತಾಯ ಸಂಘದ, ತರಬೇತಿಗೆಂದು ಚೌಡಕ್ಕ ಹದಿಮೂರು ದಿನ ಮಡಕಶಿರದ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಹೋಗಿ ಕಲಿತ ವಿದ್ಯೆ ಇದು. ಕುರಿಗೆ ನೆರಳು ಮಾಡಲಿಕ್ಕಲ್ಲ. ಅವಳು ಸಚಿವಾಲಯಂ ಎನ್ನುವ ಗ್ರಾಮ ಕಚೇರಿಯ ತೋಟಗಾರಿಕೆ ಸಹಾಯಕಿ ರಾಧಾಳಿಗೆ ಫೋನ್ ಮಾಡಿದಳು.

ಹನ್ನೊಂದು ಗಂಟೆಗೆ ರಾಧಾ ಸ್ಕೂಟಿಯಲ್ಲಿ ಬಂದಳು. ನೀರಲ್ಲಿ ಎಷ್ಟು ಉಪ್ಪಿದೆ ಎಂದು ಅಳೆಯುವ, ಪೆನ್ನಿನಂಥ ಒಂದು ಮೀಟರನ್ನು ತೊಟ್ಟಿಗೆ ಅದ್ದಿದಳು. ಮೂರು ಪಾಯಿಂಟ್ ನಾಲ್ಕು ತೋರಿಸಿತು.

“ಎಷ್ಟಿರ್ಬೇಕು?” ಅಂದಳು ಚೌಡಕ್ಕ.

“ದೊಡ್ಡ ಗಿಡಕ್ಕೆ ಒಂದು ಪಾಯಿಂಟ್ ಎರಡರಿಂದ ಒಂದು ಪಾಯಿಂಟ್ ಆರು. ಸಸಿಗೆ ಅದ್ರಲ್ಲಿ ಅರ್ಧ. ಅಕ್ಕಾ, ಇದು ನೀರಲ್ಲ, ಉಪ್ಪಿನಕಾಯಿ ರಸ. ಯಾರ್ಯಾರು ಏನೇನು ಹಾಕಿದ್ರಿ, ನಿಜ ಹೇಳಿ.”

ನರಸಕ್ಕನ ಕೈಯಿಂದ ಹುಣಸೆಬೀಜ ಇನ್ನಷ್ಟು ಬೇಗ ಬೇಗ ಉದುರತೊಡಗಿದವು.

“ಮದ್ಯಾನ ಬಾಡ್ದಂಗೆ ಕಾಣ್ತಿದ್ವು,” ಅಂದ ಮುದ್ದಪ್ಪ. “ಅಸ್ಕೊಂಡವೆ ಪಾಪ ಅಂತ ಒಂದ್ ಮುಚ್ಚಳ ಮಂದು ಆಕ್ದೆ.”

“ದಿನಾನಾ?”

“ದಿನಾ ಬಾಡ್ತಿದ್ವಲ್ಲ.”

ಚೌಡಕ್ಕ ತಲೆ ಚಚ್ಚಿಕೊಂಡಳು. ರಾಧಾ ಒಂದು ಗಿಡ ಎತ್ತಿ ಬೇರು ಮೂಸಿದಳು. ಬೇರು ಲೋಳೆ ಲೋಳೆ, ಹುಳಿತ ಗಂಜಿಯ ವಾಸನೆ. ಚೌಡಕ್ಕ ಅತ್ತೆಯ ಕಡೆ ತಿರುಗಿದಳು.

“ನನ್ ಯಾಕ್ ನೋಡ್ತೀಯ?” ಅಂದಳು ನರಸಕ್ಕ. “ನಾನೇನ್ ವಿಷ ಆಕಿಲ್ಲ. ಅಕ್ಕಿ ತೊಳ್ದಿದ್ ನೀರು, ಒಂದೊಂದ್ ಚೆಂಬು. ಅಸೂಗ್ ಆಕಿ ಬತ್ತಾ ಕೈ ಆ ಕಡೆ ಓಯ್ತು.”

“ನೋಡ್ದ್ಯಾ ರಾಧಮ್ಮ,” ಅಂದಳು ಚೌಡಕ್ಕ. “ಇಂಥೋರ್ ಜತೆ ನಾನು ಬಾಳ್ವೆ ಮಾಡ್ಬೇಕು.”

“ನೀನೇನು ಹಾಕ್ತಿದ್ದೆ ಅಕ್ಕ?”

“ನಂದು ಸರಿಯಾದ್ ಲೆಕ್ಕ. ತೊಟ್ಟಿ ನಾಕ್ ಬೆಳ್ಳು ಇಳಿದ್ರೆ ನಾಕ್ ಬೆಳ್ಳು ಮಂದಿನ್ ನೀರೇ ಕಲಸಿ ತುಂಬ್ತಿದ್ದೆ.”

ರಾಧಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೇಬಿಟ್ಟಳು. ಆಮೇಲೆ ನರಸಕ್ಕನ ಕಡೆ ತಿರುಗಿದಳು.

“ಅಜ್ಜೀ, ಒಲೆ ಮೇಲೆ ಸಾರು ಬತ್ತಿ ಉಪ್ಪಾದ್ರೆ ಏನ್ ಹಾಕ್ತೀರ?”

“ನೀರು. ಇನ್ನೇನು, ಮತ್ತೆ ಉಪ್ಪಾಕ್ತಾರಾ?”

“ನಿಮ್ ಸೊಸೆ ಉಪ್ಪೇ ಹಾಕ್ತಿದ್ದಾಳೆ. ಈ ಬಿಸಿಲಿಗೆ ಗಿಡ ನೀರನ್ನೇ ಜಾಸ್ತಿ ಕುಡಿಯುತ್ತೆ, ಉಪ್ಪು ತೊಟ್ಟೀಲೇ ಉಳಿಯುತ್ತೆ. ಇಳಿದಷ್ಟು ಬರೀ ನೀರು ತುಂಬ್ಬೇಕು. ಆಮೇಲೆ ಮೀಟರ್ ಅದ್ದಬೇಕು. ಕಡಿಮೆ ತೋರಿಸಿದ್ರೆ ಮಾತ್ರ ಮಂದು.”

ನರಸಕ್ಕ ನಕ್ಕ ನಗುವಿಗೆ ಹುಣಸೆಹಣ್ಣಿನ ಮೊರವೇ ಮಗುಚಿತು. ಚೌಡಕ್ಕನಿಗೆ ಮಾತ್ರ ಮುಖ ಇಡಲು ಜಾಗವಿರಲಿಲ್ಲ. ಮೂವರಲ್ಲಿ ದೊಡ್ಡ ಪಾಲು ಅವಳದೇ.

ಹಳೆಯ ನೀರನ್ನು ಐದಾರು ತೆಂಗಿನ ಮರಕ್ಕೆ ಹಂಚಿ ಬಿಟ್ಟರು. ತೊಟ್ಟಿ ಉಜ್ಜಿದರು, ಪೈಪು ತೊಳೆದರು. ಬೋರ್‌ವೆಲ್ ನೀರಿಗೇ ಮೀಟರ್ ಅದ್ದಿದರೆ ಪಾಯಿಂಟ್ ಎಂಟು. ಮಂದು ಹಾಕುವ ಮೊದಲೇ ಅರ್ಧ ಹಾದಿ ಮುಗಿದಿತ್ತು. ಅದಕ್ಕೆ ಅರ್ಧ ಬೋರ್‌ವೆಲ್ ನೀರು, ಅರ್ಧ ಫಿಲ್ಟರ್ ನೀರು ತುಂಬಿದರು. ಮಂದು ಬರುವುದು ಎ, ಬಿ ಎಂಬ ಎರಡು ಡಬ್ಬಿಗಳಲ್ಲಿ. ಚೌಡಕ್ಕ ಎರಡನ್ನೂ ಒಂದೇ ಮಗ್ಗಿಗೆ ಬಗ್ಗಿಸಲು ಹೋದಾಗ ರಾಧಾ ಅವಳ ಕೈ ಹಿಡಿದಳು. ಗಾಜಿನ ಲೋಟದಲ್ಲಿ ಎರಡನ್ನೂ ಒಂದೊಂದು ಮುಚ್ಚಳ ಸೇರಿಸಿ ತೋರಿಸಿದಳು. ಒಡೆದ ಹಾಲಿನ ಹಾಗೆ ಬೆಳ್ಳಗಾಯಿತು.

“ಇದು ಬೇರಿಗೆ ಸಿಗಲ್ಲ, ಪೈಪ್ ಕಟ್ಕೊಳ್ಳುತ್ತೆ. ಮೊದಲು ತೊಟ್ಟಿಗೆ ಎ, ಚೆನ್ನಾಗಿ ತಿರುವಿ. ಆಮೇಲೆ ಬಿ.”

ಕೊನೆಗೆ ನೀರಿನ ಹುಳಿ ನೋಡಿದಳು. ಅದಕ್ಕೆ ಪಿಹೆಚ್ ಅನ್ನುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಏಳೂಮುಕ್ಕಾಲು ಇತ್ತು. ಕೈಗವಸು ಹಾಕಿಕೊಂಡು, ಪಿಹೆಚ್ ಇಳಿಸುವ ದ್ರಾವಣ ಹನಿಹನಿಯಾಗಿ ಬಿಟ್ಟು, ಸೊಪ್ಪಿಗೆ ಒಗ್ಗುವ ಆರಕ್ಕೆ ತಂದಳು.

“ಸುಟ್ಟ ಎಲೆ ಮತ್ತೆ ಹಸಿರಾಗ್ತದಾ?” ಅಂದಳು ಚೌಡಕ್ಕ, ಮೆತ್ತಗೆ.

“ಇಲ್ಲಕ್ಕ. ಮುಂದೆ ಬರೋ ಎಲೆ ಉಳಿಯುತ್ತೆ.”

ಶನಿವಾರ ವ್ಯಾನು ಬಂತು. ವ್ಯಾನಿನವನು ಒಂದೊಂದು ಗಿಡವನ್ನೂ ಮದುವೆ ಹೆಣ್ಣು ನೋಡಿದ ಹಾಗೆ ತಿರುಗಿಸಿ ನೋಡಿದ. ಹೊರಗಿನ ಎಲೆ ಕಿತ್ತು, ನೆರಳಿನ ಸಾಲಿನ ನಲವತ್ತು ಗಿಡ ಮಾತ್ರ ತೆಗೆದುಕೊಂಡ.

“ಮುಂದಿನ್ ಶನಿವಾರ ಬರ್ತೀನಕ್ಕ. ಎಳೇ ಸಾಲು ಚೆನ್ನಾಗೈತೆ,” ಅಂದ ಅವನು.

ಮುದ್ದಪ್ಪ ಆಮೇಲೆ ಕುರಿಯ ಮಾತೆತ್ತಲಿಲ್ಲ. ತಾನೇ ಪೇಟೆಗೆ ಹೋಗಿ ತೊಟ್ಟಿಗೆ ಮುಚ್ಚಳ, ಬೀಗ ತಂದ. ಬೀಗದ ಕೈ ಯಾರಿಗೆ ಎಂದು ಜಗಳವಾಗುವ ಮೊದಲೇ ನರಸಕ್ಕ ಅದನ್ನು ಎಲೆಅಡಿಕೆ ಸಂಚಿಗೆ ಹಾಕಿಕೊಂಡಳು. ಈಗ ದಿನಾ ಬೆಳಿಗ್ಗೆ ನೀರು ತುಂಬಿಸುವವಳು, ಮೀಟರ್ ಅದ್ದುವವಳು ಅವಳೇ. ಚೌಡಕ್ಕ ಅಂಕಿ ಬರೆದುಕೊಳ್ಳಬೇಕು, ಅಷ್ಟೇ.

“ಅತ್ತೆ, ಒಂದ್ ಸಲ ತೆಗಿ, ನೋಡ್ತೀನಿ.”

“ಬೆಳಿಗ್ಗೆ ಅಳ್ದಾಗೈತೆ. ಒಂದೂವರೆ. ನಿನ್ ಕೈ ಸರಿಯಿಲ್ಲ, ಒಳಿಕ್ ಓಗು.”

ಚೌಡಕ್ಕನಿಗೆ ಮೈಯೆಲ್ಲ ಉರಿಯುತ್ತದೆ. ಆದರೆ ಸೊಪ್ಪು ಉರಿಯುವುದು ನಿಂತಿದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ತೊಟ್ಟಿಯಿದ್ದರೆ ಇವತ್ತೇ ಎದ್ದು ಅದಕ್ಕೊಂದು ಮುಚ್ಚಳ ಹಾಕಿ, ಬಿಸಿಲು ತಾಗದ ಹಾಗೆ ಇಡಿ. ನೀರು ಇಳಿದರೆ ನೀರನ್ನೇ ತುಂಬಿ. ಅಳೆಯದೆ ಒಂದು ತೊಟ್ಟು ಮಂದನ್ನೂ ಹಾಕಬೇಡಿ. ಎರಡು ವಾರಕ್ಕೊಮ್ಮೆ ಹಳೆಯ ನೀರನ್ನೆಲ್ಲ ಬದಲಿಸಿ. ಮಧ್ಯಾಹ್ನ ಬಾಡಿದ ಗಿಡ ಹಸಿದಿಲ್ಲ, ಅದಕ್ಕೆ ಸೆಕೆಯಾಗಿದೆ, ನೆರಳು ಕೊಡಿ. ಮೀಟರ್ ಇಲ್ಲದಿದ್ದರೆ ನಿಮ್ಮ ಸಂಘದಲ್ಲಿ, ಇಲ್ಲವೇ ತೋಟಗಾರಿಕೆಯವರ ಹತ್ತಿರ ಕೇಳಿ. ಕೇಳಲು ನಾಚಿಕೆಪಟ್ಟು ಇನ್ನೂರು ಗಿಡ ಸುಡಬೇಡಿ. ತೊಟ್ಟಿಯ ಹೊಣೆ ಒಬ್ಬರ ಕೈಯಲ್ಲೇ ಇರಲಿ. ಆ ಒಬ್ಬರು ಯಾರು ಎಂಬ ಜಗಳ ಇವತ್ತು ರಾತ್ರಿ ಊಟದ ಹೊತ್ತಿಗೆ ಮುಗಿದಿರಲಿ.